ನಾನು ಹತ್ತದ ಗುಡ್ಡ

ಹುಲಿಗೆಮ್ಮಕ್ಕ, ಆ ಬೇಸಿಗೆಯಲ್ಲಿ ನಾನು ನಿಮ್ಮ ಹೊಲಕ್ಕೆ ಬಂದಿರಲೇ ಇಲ್ಲ. ಗುಡ್ಡದ ಬುಡದಲ್ಲಿ ಬೈಕು ನಿಲ್ಲಿಸಿ, ಅಲ್ಲಿಂದಲೇ ಮೇಲೆ ನೋಡಿ, ‘ಗಿಡಗಳೆಲ್ಲ ಒಣಗಿವೆ’ ಎಂದು ಬರೆದುಬಿಟ್ಟೆ. ಬಿಸಿಲಿತ್ತು ಎನ್ನಬಹುದು — ಎನ್ನುವುದಿಲ್ಲ. ಮೈಗಳ್ಳತನ, ಅಷ್ಟೇ.

ನಮ್ಮದು ಕಾರ್ಬನ್ ಯೋಜನೆ. ಗಿಡಗಳು ಗಾಳಿಯ ಹೊಗೆ ಹೀರುತ್ತವೆಂದು ಎಲ್ಲಿಯದೋ ಕಂಪನಿಗಳು ದುಡ್ಡು ಕೊಡುತ್ತವೆ, ಅದು ಗಿಡ ಸಾಕಿದವರ ಕೈಸೇರುತ್ತದೆ. ಮರಿಯಮ್ಮನಹಳ್ಳಿ ಸುತ್ತಿನ ನೀವೆಲ್ಲ ಅದನ್ನು ‘ಗಾಳಿ ರೊಕ್ಕ’ ಎಂದು ನಗುತ್ತಿದ್ದಿರಿ. ಗಿಡ ಬದುಕಿದೆಯೋ ಸತ್ತಿದೆಯೋ ಎಂದು ನೋಡಿ ಬರೆಯುವವನು ನಾನು. ಸತ್ತಿದೆ ಎಂದರೆ ಸಾಕಿದವರ ಹೆಸರೇ ಪಟ್ಟಿಯಿಂದ ಹೋಗುತ್ತದೆ.

ನಿಮ್ಮ ಹೆಸರು ಹೋಯಿತು. ಬೇಸಿಗೆಯಿಡೀ ಕೊಡ ಹೊತ್ತು ನೀರುಣಿಸಿದ ನೀವು ಕಂಪ್ಲಿಗೆ ಭತ್ತದ ನಾಟಿ ಕೂಲಿಗೆ ಹೋಗಬೇಕಾಯಿತು. ಸೀತಾಫಲದ ಗಿಡ ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ, ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರಿರುತ್ತದೆ — ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಕೆರೆಯಲು ಹತ್ತಿರ ಹೋಗಬೇಕಲ್ಲ...

ಮಳೆ ಬಿತ್ತು, ನಿಮ್ಮ ಗಿಡಗಳೆಲ್ಲ ಚಿಗುರಿದವು. ತಪಾಸಣೆಗೆ ಬಂದ ಸಾಹೇಬರು ನಿಮ್ಮನ್ನು ಕರೆಸಿ, ನನ್ನೆದುರೇ ಕೇಳಿದರು: “ಇವನು ನಿಮ್ಮ ಹೊಲ ಹತ್ತಿದ್ನೋ ಇಲ್ಲೋ?” ನನ್ನ ಕೆಲಸ ನಿಮ್ಮ ಬಾಯಲ್ಲಿತ್ತು.

“ಬಂದಿದ್ರು ಸಾಹೇಬ್ರ. ಬೋಳು ಗಿಡ ನೋಡಿ ಒಣಗ್ಯಾವ ಅಂದ್ಕಂಡ್ರು. ಹೊಸಪೇಟಿ ಮಂದಿಗೆ ಏನ್ ತಿಳೀತೈತ್ರಿ?”

ಎಲ್ಲರೂ ನಕ್ಕರು. ನಾಚಿಕೆಗೆಟ್ಟವನು, ನಾನೂ ನಕ್ಕೆ. ನಿಮ್ಮ ಹೆಸರು ಪಟ್ಟಿಗೆ ಮರಳಿತು, ಆ ವರ್ಷದ ರೊಕ್ಕ ಮಾತ್ರ ಬರಲಿಲ್ಲ. ಎಲ್ಲರೂ ಹೋದ ಮೇಲೆ ನೀವು ಮೆಲ್ಲಗೆ ಹೇಳಿದಿರಿ: “ತಮ್ಮಾ, ನಂದು ಆತು, ಹೋಗ್ಲಿ. ಇನ್ನೊಬ್ರ ಗಿಡ ನೋಡ್ದಂಗ ಸತ್ತೈತಿ ಅಂತ ಬರೀಬ್ಯಾಡ.”

ಅಂದಿನಿಂದ ಒಂದು ಗಿಡವನ್ನೂ ಮುಟ್ಟದೆ ಬರೆದಿಲ್ಲ. ನನ್ನ ಮಕ್ಕಳು ಉಂಡದ್ದು, ಓದಿದ್ದು ನೀವು ಉಳಿಸಿದ ಕೆಲಸದಿಂದ. ಈಗ ಆ ಗುಡ್ಡದ ಹಣ್ಣು ಹೊಸಪೇಟೆಯ ಮಾರುಕಟ್ಟೆಗೆ ಬರುತ್ತದೆ. ನೀವು ಯಾರ ನಾಟಿಗೂ ಹೋಗುವುದಿಲ್ಲ. ಆ ಹಣ್ಣು ನೋಡಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ, ಅಕ್ಕ — ನಿಮಗೆ ಹೇಗೆ ಕೈಮುಗಿಯಲಿ?

ಹೊಸದಾಗಿ ಸೇರಿದವರಿಗೆ ಪ್ರಾಮಾಣಿಕತೆಯ ಪಾಠ ಹೇಳಲು ನಾಳೆ ನನ್ನನ್ನೇ ಕರೆದಿದ್ದಾರೆ. ಅದೇ ಸಾಹೇಬರೂ ಇರುತ್ತಾರೆ, ನೀವೂ ಬರುತ್ತೀರಿ. ಎಲ್ಲರೆದುರು ಹೇಳಿಬಿಡುತ್ತೇನೆ. ಕೆಲಸ ಹೋದರೆ ಹೋಗಲಿ. ಅಂದು ಸುಳ್ಳು ಹೇಳಿದ್ದು ನಿಮ್ಮ ಬಾಯಿ — ಸುಳ್ಳು ನನ್ನದು.