ಹಿಡಿಯುವವರಿಲ್ಲದ ಸಾಲು

ಚೆನ್ನಾಗಿ ಹಾಡುತ್ತಿದ್ದ ಹುಡುಗಿ ಒಂದು ಸಾಲು ಮುಗಿಸಿ ಬಾಯಿ ಮುಚ್ಚಿ ಕುಳಿತುಬಿಟ್ಟಳು.

ಮೊಬೈಲಿನ ಪರದೆಯಲ್ಲಿದ್ದ ಇಬ್ಬರು ಪರೀಕ್ಷಕರು ಕಾದರು. ಅಡಿಗೆಮನೆಯ ಕರ್ಟನ್ ಹಿಂದೆ ನಿಂತ ನಾನು, ಅವಳ ತಾಯಿ ಸಂದಿಯಿಂದ ಇಣುಕಿದೆವು.

"ಏನಮ್ಮಾ, ನೆಟ್‌ವರ್ಕ್ ಹೋಯ್ತಾ? ಕೇಳಿಸ್ತಿದ್ಯಾ?" ಎಂದರು ಆ ಕಡೆಯ ಮೇಡಂ.

ನೆಟ್‌ವರ್ಕ್ ಎಲ್ಲಿಗೂ ಹೋಗಿರಲಿಲ್ಲ. ಹುಡುಗಿಯ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಮತ್ಯಾಕೆ ನಿಲ್ಲಿಸಿದಳು?

ಮೊದಲಿನಿಂದ ಹೇಳುತ್ತೇನೆ. ಮಹಾದೇವಿ ನನ್ನ ನಾದಿನಿ ಶಾಂತಾಳ ಮಗಳು. ಊರು ಸಂತೆಕಲ್ಲೂರು. ಪಿಯುಸಿ ಮುಗಿದಿದೆ, ಸಂಗೀತದಲ್ಲೇ ಡಿಗ್ರಿ ಮಾಡಬೇಕೆಂಬ ಹಟ. ದೂರದ ಕಾಲೇಜೊಂದು ಸಂಗೀತ, ನೃತ್ಯ, ಚಿತ್ರಕಲೆ ಓದುವವರಿಗೆ ಸ್ಕಾಲರ್‌ಶಿಪ್ ಕೊಡುತ್ತದೆ. ಫೀಸು, ಹಾಸ್ಟೆಲ್ಲು ಎಲ್ಲ ಅವರದೇ. ಅವಳಪ್ಪ ಒಂದೇ ಮಾತಿನಲ್ಲಿ ತೀರ್ಮಾನಿಸಿದ್ದ. "ಸ್ಕಾಲರ್‌ಶಿಪ್ ಬಂತು, ಹೋಗು. ಬರಲಿಲ್ಲ, ಲಿಂಗಸುಗೂರಾಗ ಬಿ.ಕಾಂ. ಆಮ್ಯಾಲ ನನ್ನ ಮುಂದ ಮಾರಿ ಸಣ್ಣದು ಮಾಡ್ಕೊಂಡು ಅಡ್ಡಾಡಬ್ಯಾಡ."

ಅರ್ಜಿ ತುಂಬಿದ್ದು ನಾನು. (ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ಕಾರಣಕ್ಕೆ ಬಳಗದ ಇಂಗ್ಲಿಷ್ ಅರ್ಜಿಗಳೆಲ್ಲ ನನ್ನ ಊಟದ ಟೇಬಲ್ಲಿಗೇ ಬರುತ್ತವೆ.) ಒಂದು ಕಡೆ ತಡವರಿಸಿದೆ. ಯಾರ ಬಳಿ ಕಲಿತಿದ್ದೀರಿ ಎಂದು ಕೇಳಿದ್ದರು. ಮಹಾದೇವಿ ಯೋಚಿಸಿ ಹೇಳಿದಳು, "ಸೋಮವಾರದ ಭಜನಿ ಅಂತ ಬರೀರಿ ಅತ್ತಿ."

ಹಾಗೆಯೇ ಬರೆದೆ. ಆದರೂ ಆಡಿಷನ್‌ಗೆ ಕರೆ ಬಂತು.

ಆಡಿಷನ್ ವಿಡಿಯೋ ಕಾಲ್‌ನಲ್ಲಿ. ಸಂತೆಕಲ್ಲೂರಿನ ನೆಟ್ ನಂಬುವಂಥದ್ದಲ್ಲ. ತಾಯಿ ಮಗಳು ಎರಡು ದಿನ ಮೊದಲೇ ಮಸ್ಕಿಯಲ್ಲಿ ಬಸ್ ಬದಲಿಸಿ ಸಿಂಧನೂರಿನ ನಮ್ಮ ಮನೆಗೆ ಬಂದಿಳಿದರು. ನಿಯಮಗಳು ಕಟ್ಟುನಿಟ್ಟು. ಕೋಣೆಯಲ್ಲಿ ಅಭ್ಯರ್ಥಿ ಒಬ್ಬಳೇ ಇರಬೇಕು. ಶ್ರುತಿ ಬಿಟ್ಟು ಬೇರೆ ವಾದ್ಯ ಇಲ್ಲ. ಬೇರೆ ಧ್ವನಿ ಇಲ್ಲವೇ ಇಲ್ಲ.

ಆಡಿಷನ್ ದಿನ ಪಡಸಾಲೆಯ ಫ್ಯಾನ್ ಆಫ್ ಮಾಡಿದೆ. ಕಾಲಿಂಗ್ ಬೆಲ್ಲಿನ ಸ್ವಿಚ್ಚೂ ಆಫ್. ಕುಕ್ಕರ್ ಇಳಿಸಿದೆ. ಪಕ್ಕದ ಮನೆಗೆ ಹೋಗಿ, ಸ್ವಲ್ಪ ಹೊತ್ತು ಮಿಕ್ಸರ್ ಹಾಕಬೇಡಿ ಎಂದು ಕೇಳಿಕೊಂಡೆ. "ಆತು ತಗೋರಿ, ಇವತ್ತ ನಮ್ಮ ಮನ್ಯಾಗ ಚಟ್ನಿ ಇಲ್ಲ. ಸ್ಕಾಲರ್‌ಶಿಪ್ ಬಂದ್ರ ಪೇಢಾ ಮೊದಲು ನಮ್ಮ ಮನಿಗೆ ಬರಬೇಕು ನೋಡ್ರಿ" ಎಂದರು ಆಕೆ. ಎಲ್ಲ ಸದ್ದನ್ನೂ ಕಟ್ಟಿಹಾಕಿದೆನೆಂದು ಬೀಗಿದೆ.

ಆದರೆ ಒಂದು ಸದ್ದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ನಮ್ಮ ಕಡೆಯ ಭಜನೆ ನೀವು ಕೇಳಿದ್ದೀರಲ್ಲ? ಮುಂದೆ ಕುಳಿತವರು ಒಂದು ಸಾಲು ಹೇಳುತ್ತಾರೆ. ಉಳಿದವರು ಅದನ್ನೇ ಹಿಡಿದು ಹೇಳುತ್ತಾರೆ. ಅಷ್ಟು ಹೊತ್ತು ಮುಂದಿನವರು ಸುಮ್ಮನಿರುತ್ತಾರೆ. ಮಹಾದೇವಿ ಫ್ರಾಕ್ ಹಾಕುತ್ತಿದ್ದಾಗಿನಿಂದ ಹಾಡಿದ್ದು ಹಾಗೆ. ನಮ್ಮ ಮನೆಯಲ್ಲಿ ಎರಡು ದಿನ ಪ್ರಾಕ್ಟೀಸ್ ಮಾಡಿದಾಗಲೂ ಅಷ್ಟೆ. ಇವಳು ಸಾಲು ಬಿಟ್ಟ ಕೂಡಲೇ ಶಾಂತಾ ಮೆಂತ್ಯ ಸೊಪ್ಪು ಸೋಸುತ್ತಲೇ ಹಿಡಿಯುತ್ತಿದ್ದಳು. ಅದು ಎಷ್ಟು ಸಹಜವಾಗಿತ್ತೆಂದರೆ ನಮಗೆ ಮೂವರಿಗೂ ಅದೊಂದು ಬೇರೆ ಧ್ವನಿ ಎಂದು ಅನಿಸಲೇ ಇಲ್ಲ.

ಅಂದು ಸಾಲು ಗಾಳಿಯಲ್ಲಿ ತೂಗುತ್ತಿತ್ತು. ಹಿಡಿಯುವವರು ಯಾರು?

ಹಿಡಿದೇಬಿಟ್ಟಳು ಶಾಂತಾ. ನನ್ನ ಪಕ್ಕದಲ್ಲಿಯೇ, ಕರ್ಟನ್ ಹಿಂದಿನಿಂದ, ತುಂಬು ದನಿಯಲ್ಲಿ.

"ಒಂದು ನಿಮಿಷ." ಈಗ ಮಾತಾಡಿದವರು ಇನ್ನೊಬ್ಬ ಪರೀಕ್ಷಕರು. "ಅದು ಯಾರ ಧ್ವನಿ?"

"ನಮ್ಮವ್ವ ರೀ."

"ರೂಮಲ್ಲಿ ಯಾರೂ ಇರಬಾರದು ಅಂತ ಹೇಳಿದ್ವಲ್ಲ."

"ರೂಮಿನ್ಯಾಗ ಇಲ್ರೀ ಸರ್. ಅಡಿಗಿಮನ್ಯಾಗ ಅದಾಳ."

ಮೇಡಂ ನಕ್ಕಂತಾಯಿತು. ಸರ್ ನಗಲಿಲ್ಲ. "ಅವರನ್ನ ಹೊರಗೆ ಕಳಿಸಿ, ಮೊದಲಿಂದ ಹಾಡಿ. ಇನ್ನೊಂದು ಸಲ ಧ್ವನಿ ಬಂದರೆ ಇಲ್ಲಿಗೇ ನಿಲ್ಲಿಸಬೇಕಾಗುತ್ತೆ."

ಶಾಂತಾಳ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. "ಬಾಯಿ ತಾನ ತೆರೀತ್ರಿ ವೈನಿ, ನಾ ತೆರೀಲಿಲ್ಲ. ನನ್ನ ಕೈಯಾರ ಕೂಸಿಂದು ಕೆಡಿಸಿದ್ನಲ್ರೀ." ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡಳು. ಸೆರಗಿಗೆ ಮೆಂತ್ಯದ ಎಲೆಯೊಂದು ಅಂಟಿತ್ತು.

ಕಿಟಕಿಯಿಂದ ಹಾಡು ಮತ್ತೆ ಕೇಳತೊಡಗಿತು. ಮೊದಲ ಸಾಲು ಮುಗಿಯಿತು. ಮತ್ತೆ ಮೌನ. ಶಾಂತಾ ನನ್ನ ಮುಂಗೈ ಹಿಡಿದಳು. ಬಳೆಗಳು ಚರ್ಮಕ್ಕೆ ಒತ್ತಿದವು. ಹೇಳು ಮಗಳೇ, ಮುಂದಿನ ಸಾಲಿಗೆ ಹಾರಿಬಿಡು ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಹಾರಲಿಲ್ಲ ಅವಳು. ಅದೇ ಸಾಲನ್ನು ತಾನೇ ಹಿಡಿದಳು. ಆದರೆ ಧ್ವನಿ ಅವಳದಲ್ಲ. ತಗ್ಗಿದ, ಸ್ವಲ್ಪ ಒರಟಾದ ದನಿ, ಕೊನೆಯಲ್ಲಿ ಎಳೆತ ಬೇರೆ.

ಶಾಂತಾ ಬಾಯಿಯಿಂದ ಸೆರಗು ತೆಗೆದಳು. "ನಮ್ಮತ್ತಿ ಹಿಂಗ ಎಳೀತಾರ್ರೀ" ಎಂದು ಪಿಸುಗುಟ್ಟಿದಳು.

ಮುಂದಿನ ಸಾಲು. ಈ ಸಲ ಹಿಡಿದದ್ದು ಮೂಗಿನಿಂದ ಬರುವ ತೆಳು ದನಿ. "ಅಯ್ಯ, ಇದು ಪಾರಮ್ಮಾಯಿ. ಸುಳ್ಳ ಅಲ್ರೀ, ಥೇಟ್ ಪಾರಮ್ಮಾಯಿ."

ಸೋಮವಾರದ ಭಜನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತರು. ಶಾಂತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ನನಗೆ ಮಾತ್ರ ಹೆದರಿಕೆ. ಇದನ್ನು ಸಂಗೀತ ಎನ್ನುತ್ತಾರೋ, ಮಿಮಿಕ್ರಿ ಎಂದು ಬದಿಗಿಡುತ್ತಾರೋ?

ಹಾಡು ಮುಗಿಯಿತು. ಮೊಬೈಲಿನಿಂದ ಸರ್ ದನಿ ಕಿಟಕಿಯಾಚೆಗೂ ಕೇಳಿತು. "ಇಲ್ಲಿಗೆ ಬಂದರೆ ಸ್ಟೇಜ್ ಮೇಲೆ ಒಬ್ಬಳೇ ಕೂತು ಹಾಡಬೇಕಾಗುತ್ತಮ್ಮಾ. ಹಿಂದೆ ಹಿಡಿಯೋರು ಯಾರೂ ಇರಲ್ಲ. ಆಗುತ್ತಾ?"

"ಮುಂದ ಮಂದಿ ಕುಂತಿರ್ತಾರಲ್ರೀ ಸರ್" ಎಂದಳು ಮಹಾದೇವಿ. "ಅವ್ರು ಹಿಡೀತಾರ."

"ಸರಿ, ತಿಳಿಸ್ತೀವಿ" ಎಂದು ಕಾಲ್ ಕಟ್ ಮಾಡಿದರು.

ಬೆವರಿನಲ್ಲಿ ತೊಯ್ದು ಹೊರಬಂದ ಹುಡುಗಿ ಕೇಳಿದ್ದು ಒಂದೇ. "ಅತ್ತಿ, ತಪ್ಪ ಹೇಳಿದ್ನೇನ್ರಿ?"

ಒಳಗೆ ಕರೆದೊಯ್ದು ಫ್ಯಾನ್ ಹಾಕಿದೆ. ನಾನು ಕಲಿತ ಶಾಲೆಯಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಪದ್ಯ ಒಪ್ಪಿಸಬೇಕಿತ್ತು. ಪಕ್ಕದವಳ ತುಟಿ ಅಲುಗಿದರೂ ಅದಕ್ಕೆ ಕಾಪಿ ಎಂದು ಹೆಸರು. ಚೆನ್ನಾಗಿ ಹಾಡುವ ಒಬ್ಬರನ್ನಷ್ಟೇ ಆರಿಸಬೇಕು ಎಂದಾದಾಗ ಒಬ್ಬೊಬ್ಬರನ್ನೇ ಹಾಡಿಸದೆ ಬೇರೆ ದಾರಿಯಾದರೂ ಏನಿದೆ? ಆ ಸರ್ ಮೇಲೂ ನನಗೆ ಸಿಟ್ಟಿಲ್ಲ.

ಫಲಿತಾಂಶ ಇನ್ನೂ ಬಂದಿಲ್ಲ. ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಮೇಲ್ ತೆರೆದು ನೋಡುತ್ತೇನೆ. ಮಧ್ಯಾಹ್ನ ಶಾಂತಾ ಫೋನ್ ಮಾಡಿ ಅಡಿಗೆಯಿಂದ ಹಿಡಿದು ಎಲ್ಲವನ್ನೂ ಕೇಳುತ್ತಾಳೆ, ಫಲಿತಾಂಶವೊಂದನ್ನು ಬಿಟ್ಟು.

ನೀವೇ ಹೇಳಿ, ಆ ಪರೀಕ್ಷಕರ ಕುರ್ಚಿಯಲ್ಲಿ ನೀವು ಕುಳಿತಿದ್ದರೆ 'ಅವ್ರು ಹಿಡೀತಾರ' ಎಂಬ ಮಹಾದೇವಿಯ ಉತ್ತರಕ್ಕೆ ಎಷ್ಟು ಅಂಕ ಹಾಕುತ್ತಿದ್ದಿರಿ?