ಹೊಟ್ಟೆಯೊಳಗಿನ ಜಮೀನ್ದಾರ

ಬಸವೇಶ್ವರನಗರದ ಆಸ್ಪತ್ರೆಯಲ್ಲಿ ಸಿಸ್ಟರ್ ಲಕ್ಷ್ಮಿದೇವಮ್ಮನ ವಾರ್ಡಿಗೆ ಬಂದ ಬಸುರಿಯರು ಮೊದಲು ಭಾಷಣ ಕೇಳಬೇಕಿತ್ತು, ಬಿ.ಪಿ. ನೋಡುವುದು ಆಮೇಲೆ. "ಕೂಲಿಗಳೇ, ಎದ್ದೇಳಿ ಅಂತ ಚಳವಳೀಲಿ ಬೀದಿ ಬೀದಿ ಕೂಗಿ ಗಂಟಲು ಹರ್ಕೊಂಡೋಳು ನಾನು. ಈಗ ಮಲ್ಕೊಳ್ರಮ್ಮಾ, ಅಲ್ಲಾಡ್ಬೇಡಿ ಅನ್ನೋದಕ್ಕೆ ಸಂಬಳ ತಗೋತೀನಿ, ನಾಚಿಕೆಗೆಟ್ಟೋಳು," ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅವಳಿ ಕೂಸುಗಳಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಹರಿಯುತ್ತಿದ್ದರೆ, ತಾಯಿಯ ಹೊಟ್ಟೆಗೆ ಸಣ್ಣ ತೂತು ಮಾಡಿ ಲೇಸರಿನಿಂದ ಎರಡನ್ನೂ ಕೂಡಿಸುವ ರಕ್ತನಾಳ ಮುಚ್ಚುವ ಆಪರೇಷನ್ ಆಗಿನ್ನೂ ಹೊಸದು. ಅದನ್ನು ಅವಳು ವಿವರಿಸುವ ರೀತಿಯೇ ಬೇರೆ: "ಒಳಗೊಬ್ಬ ಜಮೀನ್ದಾರ, ಒಬ್ಬ ಕೂಲಿ. ಡಾಕ್ಟ್ರು ಕಾಲುವೆ ಮುಚ್ತಾರೆ, ಅಷ್ಟೇ ಕಣೇ." ಎಲ್ಲರೂ ನಗುತ್ತಿದ್ದರು, ಅದೇ ಆಪರೇಷನ್ನಿಗೆ ಬಂದಿದ್ದ ಗದಗಿನ ಕಡೆಯ ಗುರುದೇವಿ ಮಾತ್ರ ನಗಲಿಲ್ಲ. "ಎರಡೂ ನನ್ನ ಕೂಸೇ ಅದಾವ್ರಿ, ಸಿಸ್ಟರ್," ಎಂದಳು. ಆಪರೇಷನ್ನಿನ ಮಾರನೆಯ ಬೆಳಿಗ್ಗೆ ಸ್ಕ್ಯಾನಿನಲ್ಲಿ ಕೂಲಿಯ ಎದೆಬಡಿತ ಕೂಡಲೇ ಸಿಕ್ಕಿತು, ಜಮೀನ್ದಾರನದು ಸಿಗಲಿಲ್ಲ. ಡಾಕ್ಟರು ಹುಡುಕುತ್ತಲೇ ಇದ್ದರು. ಸಾಹುಕಾರರ ಮನೆ ಮುಂದೆ ಧಿಕ್ಕಾರ ಕೂಗಿ ಲಾಠಿ ತಿಂದಿದ್ದ ಲಕ್ಷ್ಮಿದೇವಮ್ಮ ಗುರುದೇವಿಯ ಕೈ ಹಿಡಿದು, ಹೊಟ್ಟೆಯತ್ತ ಬಾಗಿ, "ನೀನೂ ಬದುಕೋ, ನಮ್ಮಪ್ಪ," ಎಂದು ಗೊಣಗಿದಳು. ಆಮೇಲೆ ಬಡಿತ ಕೇಳಿಸಿತು. "ಜಮೀನ್ದಾರನ್ನ ಬೇಡ್ಕೊಳ್ಳೋ ಹಾಗೆ ಮಾಡ್ಬಿಟ್ಯಲ್ಲೇ ನನ್ನ," ಎಂದು ಗುರುದೇವಿಯನ್ನು ಬೈದಳು. ಕೈ ಮಾತ್ರ ಬಿಡಲಿಲ್ಲ.