ಆಕಾಶ ನಂದು

ಪೇಪರ್ ತಾತನ ಕುತ್ತಿಗೆಗೆ ಗಲ್ಲದವರೆಗೆ ಬಿಗಿದ ಬಿಳಿ ಪಟ್ಟಿ. ಮೂಳೆ ಸವೆದಿದೆ, ತಲೆ ಎತ್ತಬೇಡಿ ಎಂದು ಡಾಕ್ಟರು ಹೇಳಿದ ದಿನದಿಂದ ಅವರು ಕಟ್ಟೆಯ ಮೇಲೆ ಸ್ಟೀಲಿನ ಬೋಗುಣಿಯಲ್ಲಿ ನೀರು ತುಂಬಿಟ್ಟು ಅದರೊಳಗೆ ಆಕಾಶ ನೋಡುತ್ತಿದ್ದರು. ಆದೋನಿಯ ಹತ್ತಿ ಮಿಲ್ಲುಗಳಿಂದ ಹಾರಿಬಂದ ಎಳೆಯೊಂದು ನೀರಿನ ಮೇಲೆ ಕೂತರೆ ಅದನ್ನೂ ಮೋಡವೆಂದು ಬರೆದುಕೊಳ್ಳುತ್ತಿದ್ದರು.

ತೆಲುಗು ಸೀಮೆಯ ನಮ್ಮೂರಿನಿಂದ ಗಡಿಯಾಚೆಯ ಕನ್ನಡ ಪತ್ರಿಕೆಯೊಂದಕ್ಕೆ ಬಹುಕಾಲ ಸುದ್ದಿ ಕಳಿಸಿದವರು ಅವರು. ಯಾವ ಸುದ್ದಿಯಾದರೂ ಆಕಾಶದಿಂದಲೇ ಇಳಿಯಬೇಕು. ಕೋಸಗಿಯಲ್ಲಿ ರೈಲು ತಡವಾದರೆ ‘ಬಾನಂಚು ಕೆಂಪೇರಿ ಕಾದಿತ್ತು’. ಎಮ್ಮಿಗನೂರಿನಲ್ಲಿ ನೇಕಾರರ ಸಭೆಯಾದರೆ ‘ಆಗಸವೇ ನೀಲಿ ಸೀರೆ ಹಾಸಿತ್ತು’. ಪತ್ರಿಕೆಯವರು ತಪ್ಪದೆ ಆಕಾಶ ಕತ್ತರಿಸಿ ರೈಲನ್ನಷ್ಟೇ ಅಚ್ಚು ಹಾಕುತ್ತಿದ್ದರು.

“ಮಾಳಿಗಿ ಕಿತ್ತು ಬರೇ ಗ್ವಾಡಿ ನಿಲ್ಲಿಸ್ಯಾರ ನೋಡವ್ವ,” ಎಂದು ಅಚ್ಚಾದ ಸುದ್ದಿಯನ್ನು ಎದುರುಮನೆಯ ನನಗೆ ತಂದು ತೋರಿಸುವರು.

ಸುತ್ತಿ ಬಳಸದೆ ಬರೆಯಬೇಕೆಂದು ಕಾನ್ವೆಂಟಿನ ಸಿಸ್ಟರ್ ನನಗೆ ಕಲಿಸಿದ್ದರು. “ಆಕಾಶ ಬಿಟ್ಟು ಬರೀರಲ್ಲ ತಾತಾ,” ಎಂದೆ ಒಮ್ಮೆ.

“ನೆತ್ತಿ ಮ್ಯಾಲ ಏನೂ ಇಲ್ಲದ ಊರು ಎಲ್ಲೈತಿ, ತೋರ್ಸು. ಬಿಡ್ತೀನಿ.”

ಒಂದು ಮಳೆಗಾಲ, ನೀರಿನ ಟ್ಯಾಂಕರು ಹಾಯ್ದು ನಮ್ಮ ಓಣಿಯ ಚರಂಡಿ ಮುಚ್ಚಿದ್ದ ಬಂಡೆ ಒಡೆಯಿತು. ಶಾಲೆಗೆ ಹೊರಟ ನನ್ನ ಮಗಳ ಕಾಲು ಅದರಲ್ಲಿ ಸಿಕ್ಕು, ಶೂ ಕೊಚ್ಚೆಯ ಪಾಲಾಯಿತು. ದೂರು ಕೊಡೋಣವೆಂದರೆ ಚರಂಡಿ ನೋಡಿಕೊಳ್ಳುವ ಆಫೀಸಿನಲ್ಲೇ ನನ್ನ ಗಂಡ ಗುಮಾಸ್ತರು. ಹೆಂಡತಿಯ ಹೆಸರಲ್ಲಿ ದೂರು ಹೋದರೆ ಅವರನ್ನು ಯಾವ ಮೂಲೆಗೆ ಎತ್ತಿಹಾಕುತ್ತಾರೋ ಎಂಬ ಹೆದರಿಕೆ ನನಗೆ.

ಹೆಸರು ಹಾಕದ ದೂರಿಗೆ ತೆಲುಗಿನಲ್ಲಿ ‘ಆಕಾಶರಾಮನ್ನ ಉತ್ತರ’, ಅಂದರೆ ಆಕಾಶರಾಮನ್ನನ ಪತ್ರ, ಎನ್ನುತ್ತಾರೆ. ಅಂಥದ್ದೊಂದು ಬರೆದುಕೊಡಿ, ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು ಎಂದು ತಾತನನ್ನು ಬೇಡಿಕೊಂಡೆ. ಆಕಾಶ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪೆನ್ನಿನ ಕ್ಯಾಪು ತೆಗೆದರು. ಅವರೇ ಬರೆದು ಅವರೇ ಅಂಚೆಗೆ ಹಾಕಿದರು.

ಮೂರನೇ ದಿನ ಆಫೀಸಿನ ದೊಡ್ಡ ಸಾಹೇಬರು ಪತ್ರ ಹಿಡಿದು ನೇರ ತಾತನ ಕಟ್ಟೆಗೇ ಬಂದರು. ಹಿಂದೆ ಫೈಲು ಹೊತ್ತ ನನ್ನ ಗಂಡ. ನಮ್ಮ ಗೇಟಿನ ಬಳಿ, ಮಳೆ ಬಿಟ್ಟ ಬಿಸಿಲಿಗೆ ಒಣಮೆಣಸಿನಕಾಯಿ ಹರವುತ್ತಿದ್ದ ನಾನು ಹರವಿದ್ದನ್ನೇ ಮತ್ತೆ ಹರವತೊಡಗಿದೆ.

“ಏಮಯ್ಯಾ ಪೆದ್ದಾಯನಾ,” ಎಂದು ತೆಲುಗಿನಲ್ಲಿ ಹಿರಿಯರನ್ನು ಮಾತಾಡಿಸಿ ಸಾಹೇಬರು ಓದಿದರು: “‘ಆಕಾಶವು ಮೇಘದ ಮುಸುಕೆಳೆದು ಬಿಕ್ಕುತ್ತಿರಲು, ಇತ್ತ ಚರಂಡಿಯು ಬಾಯ್ದೆರೆದಿತ್ತು.’ ಈ ಊರಾಗ ಚರಂಡಿಗೂ ಆಕಾಶ ಹೊದಿಸೋರು ಇನ್ಯಾರು ಅದಾರ್ರಿ? ಆಕಾಶರಾಮನ್ನ ನೀವೇ ಅಲ್ಲೇನು?”

ತಾತ ಬೋಗುಣಿಯಿಂದ ಕಣ್ಣು ಕೀಳಲಿಲ್ಲ. “ಆಕಾಶ ನಂದ್ರಿ ಸಾಹೇಬ್ರ. ರಾಮನ್ನ ಯಾರೋ ನನಗ ಗೊತ್ತಿಲ್ಲ.”

ಸಾಹೇಬರು ಎಷ್ಟು ತಡೆದರೂ ನಗು ತಡೆಯಲಿಲ್ಲ. “ಬಂಡೆ ಹಾಕಸ್ತೀನಿ. ಇನ್ನೊಮ್ಮೆ ಬರದ್ರ ಬರೇ ಚರಂಡಿ ಬರೀರಿ,” ಎಂದು ಹೋದರು. ಆ ವಾರವೇ ಹೊಸ ಬಂಡೆ ಬಂತು.

ಅಷ್ಟೂ ಹೊತ್ತು, ಕುತ್ತಿಗೆಗೆ ಟವೆಲು ಸುತ್ತಿ ಕೂತಿದ್ದ ತಾತ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಕುತ್ತಿಗೆ ಪಟ್ಟಿ ನನ್ನನ್ನು ಉಳಿಸಿತು ಎಂದುಕೊಂಡೆ. ಸಂಜೆ ಅವರಿಗೆ ಚಹಾ ಕೊಡಲು ಹೋದಾಗ ನೋಡಿದರೆ, ಪಟ್ಟಿ ಬೆಳಿಗ್ಗೆಯೇ ಒಗೆದು ಹಾಕಿದ ಬಟ್ಟೆಗಳ ಜೊತೆ ತಂತಿಯ ಮೇಲೆ ಒಣಗುತ್ತಿತ್ತು.

ಹೋದ ಬೇಸಿಗೆಯಲ್ಲಿ ತಾತ ತೀರಿಕೊಂಡರು. ಅವರದೇ ಪತ್ರಿಕೆ ಮೂರು ಸಾಲು ಹಾಕಿತು. ಅವುಗಳ ಮೇಲೆ ಆಕಾಶದ ಸಾಲೊಂದನ್ನು ಹುಡುಕಿದೆ, ಇರಲಿಲ್ಲ. ಬೋಗುಣಿಯನ್ನು ಅವರ ಸೊಸೆ ನನಗೇ ಕೊಟ್ಟಳು.

ಈ ಮಳೆಗಾಲ ಬಂಡೆ ಮತ್ತೆ ಒಡೆದಿದೆ. ಈಗ ದೂರು ಫೋನಿನಲ್ಲೇ ಹೋಗುತ್ತದೆ. ಬೋಗುಣಿಯಲ್ಲಿ ನೀರು ತುಂಬಿಟ್ಟು ನೋಡಿದೆ, ಬರೀ ನೀಲಿ. ‘ಇಂದು ಆಕಾಶದಲ್ಲಿ ವಿಶೇಷವೇನಿಲ್ಲ’ ಎಂದು ಶುರುಮಾಡಿ, ಚರಂಡಿಗೆ ಇಳಿದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.

ಗಂಡ ಓದಿ ಫೋನನ್ನು ನನ್ನ ಕೈಗೇ ವಾಪಸು ಕೊಟ್ಟರು. “ಹೆಸರಾದ್ರೂ ತಗಿಯೇ.”

“ತಗದ್ರೂ ಗೊತ್ತಾಗತೈತಿ ಬಿಡ್ರಿ,” ಎಂದೆ. “ಆಕಾಶ ಐತಲ್ಲ.”